ಮುತ್ತಾತನನ್ನು ಹುಡುಕಿದ ಚಳಿಗಾಲ

ಮೆಲ್ಬೋರ್ನಿನಲ್ಲಿ ಏಪ್ರಿಲ್ ಮುಗಿಯುವ ಹೊತ್ತಿಗೆ ಒಂದು ಸಂಜೆ ಮನೆಯ ಹೀಟರನ್ನು ಮೊದಲ ಸಲ ಹಾಕುತ್ತೇವೆ. ಬೇಸಿಗೆಯಿಡೀ ಅದರೊಳಗೆ ಕೂತಿದ್ದ ಧೂಳು ಸುಟ್ಟು ಒಂದು ಥರದ ಒಣ ವಾಸನೆ ಮನೆ ತುಂಬುತ್ತದೆ. ಮಗಳು ಮೂಗು ಮುಚ್ಚಿಕೊಂಡು ಕಿಟಕಿ ತೆಗೆಯುತ್ತಾಳೆ. ನಾನು ಮಾತ್ರ ಸ್ವಲ್ಪ ಹೊತ್ತು ಅಲ್ಲೇ ನಿಂತಿರುತ್ತೇನೆ. ಆ ವಾಸನೆಗೆ ನನಗೆ ನಗರದಂಚಿನ ವೆರಿಬೀ ಬಡಾವಣೆಯ ಒಂದು ಹಳೆಯ ಹಲಗೆ ಗೋಡೆಯ ಹಾಲ್ ನೆನಪಾಗುತ್ತದೆ. ಅಲ್ಲಿ ಬುಧವಾರ ಬೆಳಿಗ್ಗೆ ಸೇರುತ್ತಿದ್ದ ಮುದುಕ ಮುದುಕಿಯರು, ಅವರ ಪುಡಿ ಕಾಫಿ, ನಿಂಬೆಹಣ್ಣಿನ ಸಿಹಿ, ಮೇಜಿನ ಮೇಲೆ ಹರಡಿದ ಸತ್ತವರ ಹೆಸರುಗಳು.

ನಾನು ಗಂಡ ರವೀಶನ ಜೊತೆ ವೆರಿಬೀಗೆ ಬಂದು ಆಗ ವರ್ಷವೂ ತುಂಬಿರಲಿಲ್ಲ. ಎರಡು ಸಾವಿರದ ದಶಕದ ನಡುಭಾಗ ಅದು. ಮಳೆಯೇ ಇಲ್ಲದ ವರ್ಷಗಳು. ಹುಲ್ಲಿಗೆ ಪೈಪಿನಲ್ಲಿ ನೀರು ಬಿಡುವಂತಿರಲಿಲ್ಲ, ಸ್ನಾನದ ನೀರನ್ನೇ ಬಕೆಟ್ಟಿನಲ್ಲಿ ಹಿಡಿದು ಗಿಡಕ್ಕೆ ಹಾಕುತ್ತಿದ್ದೆವು. ಇಡೀ ಸಬರ್ಬ್ ನಮ್ಮ ಕುಣಿಗಲ್ಲಿನ ಮಾರ್ಚ್ ತಿಂಗಳಂತೆ ಒಣಗಿ ಕೂತಿತ್ತು. ರವೀಶ ಬೆಳಿಗ್ಗೆ ರೈಲು ಹಿಡಿದು ಡಾಕ್‌ಲ್ಯಾಂಡ್ಸ್‌ನ ಆಫೀಸಿಗೆ ಹೋದರೆ ಕತ್ತಲಾದ ಮೇಲೆ ಬರುತ್ತಿದ್ದ. ನಾನು ದಿನಾ ಲೈಬ್ರರಿಗೆ ಹೋಗಿ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದೆ. ಎಲ್ಲ ಕಡೆಯಿಂದಲೂ ಒಂದೇ ಉತ್ತರ, ಲೋಕಲ್ ಎಕ್ಸ್‌ಪೀರಿಯನ್ಸ್ ಇಲ್ಲ.

ಒಂದು ದಿನ ಲೈಬ್ರರಿಯ ಬಾಗಿಲ ಹತ್ತಿರ ಒಂದು ಮೇಜು ಹಾಕಿಕೊಂಡು ನೀಲಿ ಸ್ವೆಟರಿನ ಮುದುಕಿಯೊಬ್ಬರು ಕೂತಿದ್ದರು. ನಾನು ಪ್ರಿಂಟರಿನ ಸರದಿಗೆ ಕಾಯುತ್ತ ಪೆಚ್ಚು ಮುಖ ಹಾಕಿಕೊಂಡು ನಿಂತಿದ್ದೆ.

“ಯಾರನ್ನು ಹುಡುಕುತ್ತಿದ್ದೀಯ, ಲವ್?” ಎಂದು, ಇಲ್ಲಿಯ ಮುದುಕಿಯರು ಅಕ್ಕರೆಗೆ ಎಲ್ಲರನ್ನೂ ಕರೆಯುವ ಹಾಗೆ, ಕೇಳಿದರು.

ಅವರು ಊರಿನ ವಂಶಚರಿತ್ರೆ ಸಂಘದವರು, ತಮ್ಮ ಪೂರ್ವಜರನ್ನು ಹುಡುಕುವವರಿಗೆ ನೆರವಾಗುವುದೇ ಅವರ ಕೆಲಸ ಎಂಬುದು ನನಗೆ ಗೊತ್ತಿರಲಿಲ್ಲ. ಆದರೂ ಬಾಯಿಗೆ ಬಂದದ್ದು ಆ ಉತ್ತರವೇ. “ನಮ್ಮ ಮುತ್ತಾತನನ್ನು,” ಎಂದೆ. “ನಿಮ್ಮ ದೇಶಕ್ಕೆ ಬಂದವರು ವಾಪಸ್ ಬರಲೇ ಇಲ್ಲ.”

ಆಕೆ ಪಕ್ಕದ ಕುರ್ಚಿ ಎಳೆದು ಕೊಟ್ಟರು. ಹೆಸರು ಡೊರೊಥಿ, ಎಲ್ಲರೂ ಡಾಟ್ ಅನ್ನುತ್ತಾರೆ ಎಂದರು. ಆಮೇಲೆ, “ಹೇಳು,” ಎಂದರು. ಈ ದೇಶಕ್ಕೆ ಬಂದ ಮೇಲೆ ನನ್ನನ್ನು ಕೂರಿಸಿಕೊಂಡು ಹಾಗೆ ಕೇಳಿದವರು ಅವರೇ ಮೊದಲು.

ನಾನು ಹೇಳಿದ್ದು ಇಷ್ಟು. ಅಮ್ಮನ ತಾಯಿ ಪುಟ್ಟಮ್ಮಜ್ಜಿಯ ಅಪ್ಪ ಹನುಮಂತಪ್ಪ ಕುಣಿಗಲ್ ಕಡೆ ಕುದುರೆ ಲಾಯದಲ್ಲಿ ಕೆಲಸಕ್ಕಿದ್ದರು. ಆ ಕಾಲದಲ್ಲಿ ಆಸ್ಟ್ರೇಲಿಯಾದಿಂದ ಹಡಗಿನಲ್ಲಿ ಮದ್ರಾಸಿಗೆ ಕುದುರೆಗಳು ಬರುತ್ತಿದ್ದವು. ಅವನ್ನು ಇಳಿಸಿಕೊಂಡು ಬರಲು ಇವರು ಹೋಗುತ್ತಿದ್ದರು. ಸಮುದ್ರದ ಮೇಲೆ ಕಂಗೆಟ್ಟ ಕುದುರೆಗಳು ಇವರ ಕೈ ತಾಕಿದರೆ ಸುಮ್ಮನಾಗುತ್ತಿದ್ದವಂತೆ. ಅದನ್ನು ನೋಡಿದ ಬಿಳಿಯ ವ್ಯಾಪಾರಿಯೊಬ್ಬ, ಒಂದು ಸಲ ನನ್ನ ಜೊತೆ ಬಂದು ಮುಂದಿನ ಕುದುರೆಗಳನ್ನು ಹಡಗಿನಲ್ಲಿ ನೋಡಿಕೊಂಡು ವಾಪಸ್ ಬಾ ಎಂದ. ಇವರು ಹೋದರು. ಅಜ್ಜಿ ಆಗಿನ್ನೂ ತೊದಲು ಮಾತಿನ ಮಗು. ಕುದುರೆಗಳು ಬಂದವು, ಅವರು ಬರಲಿಲ್ಲ. ಅಲ್ಲೇ ಬಿಳಿ ಹೆಂಗಸನ್ನು ಕಟ್ಟಿಕೊಂಡಿದ್ದಾನೆ ಎಂದು ಮದ್ರಾಸಿನಿಂದ ಬಂದವರು ಯಾರೋ ಹೇಳಿದರು. ಊರು ಅದನ್ನೇ ನಂಬಿತು.

“ನಿನ್ನ ಮುತ್ತಜ್ಜಿ?” ಎಂದು ಡಾಟ್ ಕೇಳಿದರು.

ಮುತ್ತಜ್ಜಿ ನಂಬಲಿಲ್ಲ. ಸಾಯುವವರೆಗೂ ಕುಂಕುಮ ಬಿಡಲಿಲ್ಲ. ನಮ್ಮ ಕಡೆ ಪಿತೃಪಕ್ಷದಲ್ಲಿ ಹಿರಿಯರ ಹಬ್ಬ ಮಾಡುತ್ತಾರೆ. ಮನೆಯಲ್ಲಿ ತೀರಿಕೊಂಡವರಿಗೆಲ್ಲ ಎಲೆ ಹಾಕಿ, ಅವರಿಗೆ ಪ್ರಿಯವಾದದ್ದನ್ನು ಬಡಿಸಿ ಊಟಕ್ಕೆ ಕರೆಯುತ್ತಾರೆ. ಅದಕ್ಕೆ ಎಡೆ ಇಡುವುದು ಎನ್ನುತ್ತಾರೆ. ಬದುಕಿರುವವರಿಗೆ ಎಡೆ ಇಡುವಂತಿಲ್ಲ. ಹಾಗಾಗಿ ಮುತ್ತಜ್ಜಿ ಗಂಡನಿಗೆ ಎಲೆ ಹಾಕಲಿಲ್ಲ. ಸಾಯುವಾಗ ಮಗಳ ಕೈ ಹಿಡಿದು, ಖಚಿತವಾಗಿ ಗೊತ್ತಾಗುವ ತನಕ ನೀನೂ ಇಡಬೇಡ ಎಂದು ಮಾತು ತೆಗೆದುಕೊಂಡಳು. ಒಬ್ಬಳೇ ಮಗಳಾದ ಅಜ್ಜಿ ಮನೆ ಅಳಿಯನನ್ನು ತಂದುಕೊಂಡು ಆ ಮನೆಯಲ್ಲೇ ಉಳಿದಳು. ಈಗ ಅವಳಿಗೆ ಎಂಬತ್ತು ದಾಟಿದೆ. ಅವಳ ಅಪ್ಪ ಬದುಕಿರಲು ಸಾಧ್ಯವೇ ಇಲ್ಲ ಎಂಬುದು ಅವಳಿಗೂ ಗೊತ್ತು. ಆದರೆ ಕೊಟ್ಟ ಮಾತು ಮಾತೇ. ನಾನು ವಿಮಾನ ಹತ್ತುವ ಮುಂಚೆ ನನ್ನ ಗಲ್ಲ ಹಿಡಿದು ಹೇಳಿದ್ದಳು, “ಅಲ್ಲೇ ಓಗ್ತಿದ್ದೀಯಲ್ಲ ಮಗಾ, ವಸಿ ಇಚಾರ್ಸು. ನಮ್ಮಪ್ಪ ಅದೆಷ್ಟು ವರ್ಸದಿಂದ ಅಸ್ಕೊಂಡವ್ನೋ.”

ಆಸ್ಟ್ರೇಲಿಯಾ ಎಂದರೆ ಅಜ್ಜಿಗೆ ತುಮಕೂರಿನಷ್ಟು ಊರು. ನಾನೂ ಆಗ ನಕ್ಕಿದ್ದೆ.

ಡಾಟ್ ನಗಲಿಲ್ಲ. “ಈ ವರ್ಷ ಆ ಹಬ್ಬ ಯಾವಾಗ?” ಎಂದರು.

“ಸೆಪ್ಟೆಂಬರಿನಲ್ಲಿ.”

“ಹಾಗಾದರೆ ಸಮಯ ಇದೆ. ಬುಧವಾರ ಹಾಲ್‌ಗೆ ಬಾ.”

ಬುಧವಾರಗಳು ಶುರುವಾದದ್ದು ಹೀಗೆ. ಹಾಲ್‌ನಲ್ಲಿ ಎಲ್ಲರಿಗೂ ಅವರವರ ಹುಡುಕಾಟ. ರೈಲ್ವೆಯಲ್ಲಿ ದುಡಿದು ನಿವೃತ್ತನಾಗಿದ್ದ ನೆವಿಲ್ ಎಂಬಾತ ಮಾತ್ರ ತನ್ನವರನ್ನೆಲ್ಲ ಹುಡುಕಿ ಮುಗಿಸಿ, ಇನ್ನೊಬ್ಬರ ತಾತಂದಿರಿಗಾಗಿ ಕಾಯುತ್ತ ಕೂತಿದ್ದ. ಹಡಗು, ಬಂದರು, ಕುದುರೆ ವ್ಯಾಪಾರ ಎಂದರೆ ಅವನ ಕಣ್ಣು ಅರಳುತ್ತಿತ್ತು. ಮೈಕ್ರೋಫಿಲ್ಮ್ ಯಂತ್ರದ ಹಿಡಿ ತಿರುಗಿಸುವುದನ್ನು ನನಗೆ ಕಲಿಸಿದವನು ಅವನೇ. ಹಳೆಯ ಪತ್ರಿಕೆಗಳು ಕಪ್ಪು ಬಿಳುಪಾಗಿ ಕಣ್ಣ ಮುಂದೆ ಓಡುತ್ತಿದ್ದವು. ಪುಟ ಪುಟದಲ್ಲೂ ಕುದುರೆಗಳು ಹಡಗು ಹತ್ತಿದ ಸುದ್ದಿ ಇರುತ್ತಿತ್ತು. ಎಷ್ಟು ಕುದುರೆ, ಯಾವ ಬಣ್ಣ, ಎಷ್ಟು ಬೆಲೆ ಎಲ್ಲ ಬರೆದಿರುತ್ತಿದ್ದರು. ಅವುಗಳ ಜೊತೆಗಿದ್ದ ಮನುಷ್ಯರ ಹೆಸರು ಬರೆದವರಿಲ್ಲ.

ಮರಣ ದಾಖಲೆಗಳಲ್ಲಿ ನೋಡೋಣ ಎಂದರು ಡಾಟ್. ಅದಕ್ಕೂ ಮುಂಚೆ ಒಂದು ಆಟ ಆಡಿಸಿದರು. ನನ್ನನ್ನು ಮಧ್ಯೆ ನಿಲ್ಲಿಸಿ ಮುತ್ತಾತನ ಹೆಸರನ್ನು ಗಟ್ಟಿಯಾಗಿ ಹೇಳಲು ಹೇಳಿದರು. ಎಲ್ಲರೂ ಕಿವಿಗೆ ಬಿದ್ದಂತೆ ಬರೆದುಕೊಳ್ಳಬೇಕು. ಅಂದಿನ ಗುಮಾಸ್ತರೂ ಹಾಗೇ ತಾನೇ ಬರೆದಿರುವುದು? ನಾನು ಶಾಲೆಯಲ್ಲಿ ಪದ್ಯ ಒಪ್ಪಿಸುವ ಹಾಗೆ ಕೈ ಕಟ್ಟಿ ನಿಂತು “ಹನುಮಂತಪ್ಪ” ಎಂದೆ. ಒಬ್ಬರು ‘ಹನಿಮನ್’ ಎಂದು ಬರೆದಿದ್ದರು, ಒಬ್ಬರು ‘ಹ್ಯಾನೊಮಂಟ್’. ನೆವಿಲ್ ಬರೆದದ್ದನ್ನು ಓದಿದರೆ ಸ್ಕಾಟ್ಲೆಂಡಿನ ಯಾವುದೋ ಊರಿನಂತಿತ್ತು. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಊರು ಬಿಟ್ಟ ಮೇಲೆ ನಾನು ಅಷ್ಟು ನಕ್ಕಿದ್ದು ಅಂದೇ.

ಆದರೆ ಆ ಯಾವ ಹೆಸರೂ ಸಿಗಲಿಲ್ಲ. ನಮ್ಮ ವಿಕ್ಟೋರಿಯಾ ರಾಜ್ಯದಲ್ಲೂ ಇಲ್ಲ, ಡಾಟ್ ಅವರ ಸಿಡ್ನಿ ಗೆಳತಿ ಪ್ಯಾಟ್ ಅಲ್ಲಿಯ ಸಂಘದಲ್ಲಿ ಹುಡುಕಿದರೂ ಇಲ್ಲ. ಮೇ ಕಳೆಯಿತು, ಜೂನ್ ಬಂತು. ಬೆಳಗಿನ ಹೊತ್ತು ಕಾರಿನ ಗಾಜಿನ ಮೇಲೆ ಹಿಮ ಕಟ್ಟತೊಡಗಿತು. ಮನೆಯಲ್ಲಿ ರವೀಶ ಒಂದು ದಿನ ಮೆಲ್ಲಗೆ ಕೇಳಿದ, “ಶಶಿ, ಅಪ್ಲಿಕೇಶನ್ಸ್ ಏನಾಯ್ತು? ಮುತ್ತಾತ ಎಲ್ಲಿಗೂ ಓಡಿಹೋಗಲ್ಲ ಕಣೆ. ರೆಂಟ್ ಮಾತ್ರ ಪ್ರತಿ ತಿಂಗಳು ಬರತ್ತೆ.”

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೂ ನನಗೆ ಅಳು ಬಂತು. ಆ ಬುಧವಾರ ಹಾಲ್‌ನಲ್ಲಿ ನಾನು ಮಂಕಾಗಿ ಕೂತಿದ್ದನ್ನು ನೋಡಿ ಡಾಟ್ ಕಾಫಿ ಲೋಟ ತಂದಿಟ್ಟರು.

“ನನ್ನ ಅಜ್ಜಿಯ ತಾಯಿ ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ,” ಎಂದರು. “ಅನಾಥಾಲಯದ ಬಾಗಿಲಲ್ಲಿ ಮಗುವನ್ನು ಬಿಟ್ಟು ಹೋದವಳು. ಎಷ್ಟು ವರ್ಷ ಹುಡುಕಿದೆನೋ ಲೆಕ್ಕವಿಲ್ಲ. ಕೆಲವರು ಸಿಗುವುದಿಲ್ಲ. ಆದರೆ ನಿನ್ನ ಕಡೆ ಒಬ್ಬರು ಇನ್ನೂ ಬದುಕಿದ್ದಾರಲ್ಲ, ನನಗೆ ಅಂಥವರು ಯಾರೂ ಇರಲಿಲ್ಲ. ನಿನ್ನ ಅಜ್ಜಿಯ ಜೊತೆ ನಾನು ಮಾತಾಡಬಹುದೇ?”

ಇಲ್ಲಿ ಬೆಳಿಗ್ಗೆ ಹತ್ತೂವರೆ ಅಂದರೆ ಊರಿನಲ್ಲಿ ಆಗತಾನೆ ಬೆಳಕು ಹರಿಯುವ ಹೊತ್ತು. ನಾನು ಫೋನ್ ಕಾರ್ಡಿನ ನಂಬರ್ ಒತ್ತಿ ಸ್ಪೀಕರಿಗೆ ಹಾಕಿದೆ. ಅಮ್ಮ ಎತ್ತಿ ಅಜ್ಜಿಗೆ ಕೊಟ್ಟಳು.

“ಏನವ್ವಾ ಇಷ್ಟೊತ್ನಾಗೇ? ಉಸಾರಾಗಿದ್ದೀಯಾ?” ಅಜ್ಜಿಯ ದನಿ ಹಾಲ್ ತುಂಬಿತು. ಎಲ್ಲರೂ ತಮ್ಮ ಕೆಲಸ ಬಿಟ್ಟು ಹತ್ತಿರ ಬಂದರು.

“ಅಜ್ಜಿ, ಇಲ್ಲಿ ನನ್ನ ಫ್ರೆಂಡ್ಸ್ ಇದ್ದಾರೆ. ನಿಮ್ಮಪ್ಪನ ಹೆಸರನ್ನ ನಿನ್ನ ಬಾಯಲ್ಲೇ ಕೇಳಬೇಕಂತೆ.”

“ನಮ್ಮಪ್ಪನ ಎಸ್ರಾ?” ಅಜ್ಜಿ ದೂರದವರಿಗೆ ಕೇಳಿಸಲಿ ಎಂದು ಕೂಗಿಯೇ ಹೇಳಿದಳು. “ಅನ್ಮಂತಪ್ಪ! ಅನ್ಮಂತಪ್ಪ ಕಣ್ರಪ್ಪೋ! ಕೇಳುಸ್ತಾ?”

ಡಾಟ್ ತಲೆ ಎತ್ತಿ ನನ್ನನ್ನು ನೋಡಿದರು. “ಅವರು ಬೇರೆ ಹೆಸರು ಹೇಳಿದರಲ್ಲ?”

ಇಲ್ಲ, ಅದೇ ಹೆಸರು ಎನ್ನಲು ಹೋದವಳು ಅಲ್ಲೇ ನಿಂತೆ. ನಮ್ಮ ಮನೆಯಲ್ಲಿ ಹಳಬರ್ಯಾರಿಗೂ ಹಕಾರ ತಿರುಗುವುದಿಲ್ಲ. ಹಾಲು ಆಲಾಗುತ್ತದೆ, ಹಬ್ಬ ಅಬ್ಬವಾಗುತ್ತದೆ. ನಾನೂ ಹಾಗೇ ಮಾತಾಡುತ್ತಿದ್ದವಳು. ಶಾಲೆಯಲ್ಲಿ ಮೇಷ್ಟ್ರು ಕಿವಿ ಹಿಂಡಿ ಹಿಂಡಿ ಹಕಾರ ಕಲಿಸಿದ್ದರು. ಮುತ್ತಾತನಿಗೆ ಯಾರು ಕಲಿಸಿದ್ದರು? ಆಸ್ಟ್ರೇಲಿಯಾದ ಗುಮಾಸ್ತನ ಮುಂದೆ ಅವರು ತಮ್ಮ ಹೆಸರು ಹೇಳಿದ್ದರೆ ಅಜ್ಜಿ ಹೇಳಿದ ಹಾಗೇ ಹೇಳಿರುತ್ತಾರೆ.

ನಾನು ಅದನ್ನು ವಿವರಿಸುವಷ್ಟರಲ್ಲಿ ನೆವಿಲ್ ಕಾಗದದ ಮೇಲೆ ಬರೆದು ಮುಂದಿಟ್ಟ. ಅನ್ಮನ್ ಎಂದು ಮೊದಲ ಹೆಸರು. ಟಪ್ಪರ್ ಎಂದು ಮನೆತನದ ಹೆಸರು.

“ಟಪ್ಪರ್ ನಮ್ಮಲ್ಲಿ ಇರುವ ಹೆಸರೇ,” ಎಂದ. “ಕೊನೆಯ ರಕಾರವನ್ನು ನಾವು ಬರೆಯುತ್ತೇವೆ, ಉಚ್ಚರಿಸುವುದಿಲ್ಲ. ‘ತಪ್ಪ’ ಎಂದು ಕೇಳಿದರೆ ನಮ್ಮವನು ಟಪ್ಪರ್ ಎಂದೇ ಬರೆಯುತ್ತಾನೆ.”

ಸಂಜೆಯೇ ಡಾಟ್ ಸಿಡ್ನಿಯ ಪ್ಯಾಟ್‌ಗೆ ಹೇಳಿದರು. ಮರುದಿನ ಮಧ್ಯಾಹ್ನ ನಮ್ಮ ಮನೆ ಬಾಗಿಲು ತಟ್ಟಿದರು. ಫೋನಿನಲ್ಲಿ ಹೇಳುವ ಮಾತಲ್ಲ ಎಂದು ಬಸ್ಸು ಹಿಡಿದು ಬಂದಿದ್ದರು. ಸಿಡ್ನಿಯಲ್ಲಿ ಅನ್ಮನ್ ಟಪ್ಪರ್ ಎಂಬ ಒಬ್ಬನೇ ಒಬ್ಬ ಮನುಷ್ಯ ಸತ್ತಿದ್ದಾನೆ. ನಿಮ್ಮವರು ಊರು ಬಿಟ್ಟ ವರ್ಷವೇ, ಎಂದರು.

ಮರಣಪತ್ರದ ನಕಲಿಗೆ ದುಡ್ಡು ಕಟ್ಟಿ ಕಾದೆವು. ಅದು ಬಂದ ದಿನ ನಾನು ಲಕೋಟೆ ಒಡೆಯದೆ ಹಾಲ್‌ಗೆ ತೆಗೆದುಕೊಂಡು ಹೋದೆ. ಅಲ್ಲಿ ಒಡೆದು ನೆವಿಲ್ ಕೈಗೆ ಕೊಟ್ಟೆ, ಅವನು ಓದಿದ. ಹುಟ್ಟಿದ ಸ್ಥಳ ಇಂಡಿಯಾ. ಕೆಲಸ ಕುದುರೆ ನೋಡಿಕೊಳ್ಳುವುದು. ಹಡಗಿನಿಂದ ಇಳಿದ ಕೆಲವೇ ವಾರಗಳಲ್ಲಿ ನ್ಯುಮೋನಿಯಾ. ಮಣ್ಣು ಮಾಡಿದ ಸ್ಮಶಾನದ ಹೆಸರೂ ಇತ್ತು. ಅವರಿದ್ದ ಲಾಯದ ಯಜಮಾನನೇ ಈ ವಿವರಗಳನ್ನು ಬರೆಸಿದ್ದ.

ಇದೆಲ್ಲ ಇನ್ನೊಬ್ಬ ಯಾವನದೋ ಆಗಿರಬಹುದಲ್ಲ ಎಂದು ನನ್ನ ಒಳಗೆ ಒಂದು ಅನುಮಾನ ಇದ್ದೇ ಇತ್ತು. ನೆವಿಲ್ ಮುಂದಿನ ಸಾಲಿಗೆ ಬಂದು ಕನ್ನಡಕ ಸರಿಮಾಡಿಕೊಂಡ.

“ಮಕ್ಕಳು, ಒಂದು ಹೆಣ್ಣು. ಹೆಸರು… ಇದೇನಿದು, ಪಟ್ಟಿ? ಕಿಟಕಿ ಗಾಜಿಗೆ ಮೆತ್ತುತ್ತೇವಲ್ಲ, ಆ ಪಟ್ಟಿ?”

ನಾನು ಹಾಳೆ ಕಿತ್ತುಕೊಂಡೆ. ಅವನು ಪಟ್ಟಿ ಎಂದು ಓದಿದ ಇಂಗ್ಲಿಷ್ ಅಕ್ಷರಗಳನ್ನು ನಾನು ಓದಿದರೆ ಪುಟ್ಟಿ ಎಂದಿತ್ತು. ಅಜ್ಜಿಯನ್ನು ಅವಳ ತಾಯಿ ಕರೆಯುತ್ತಿದ್ದ ಹೆಸರು ಅದು. ಭಾಷೆ ಬಾರದ ಊರಿನಲ್ಲಿ ಜ್ವರದಿಂದ ಮಲಗಿದ್ದ ಮನುಷ್ಯ ಆ ಯಜಮಾನನಿಗೆ ಮಗಳ ಹೆಸರು ಹೇಳಿದ್ದರು. ಅವನೂ ಅದನ್ನು ಮರೆಯದೆ ಬರೆಸಿದ್ದ.

“ನೀವು ಫೋನಿನಲ್ಲಿ ಕೇಳಿದಿರಲ್ಲ,” ಎಂದೆ ನೆವಿಲ್‌ಗೆ. “ಆ ಮುದುಕಿಯೇ ಇದು.”

ಅವನು ಕನ್ನಡಕ ತೆಗೆದು ಒರೆಸಿಕೊಳ್ಳತೊಡಗಿದ. ಡಾಟ್ ನನ್ನನ್ನು ತಬ್ಬಿಕೊಂಡರು. ಅವರ ಸ್ವೆಟರಿನ ಮೇಲೆ ನಾನು ಎಷ್ಟು ಹೊತ್ತು ಅತ್ತೆನೋ.

ಅಜ್ಜಿಗೆ ಹೇಳುವುದು ಬೇಡ ಎಂದಳು ಅಮ್ಮ. “ಅಷ್ಟು ವರ್ಷ ಮುತ್ತಜ್ಜಿ ಸುಮ್ಮನೆ ಕುಂಕುಮ ಇಟ್ಟುಕೊಂಡ್ಲು ಅಂತ ಗೊತ್ತಾದ್ರೆ ಈ ವಯಸ್ಸಲ್ಲಿ ತಡ್ಕೊಳ್ತಾಳೇನೆ? ಈಗ ಹೇಗೋ ನೆಮ್ಮದಿಯಾಗಿದ್ದಾಳೆ.” ನನಗೂ ಎರಡು ದಿನ ಧೈರ್ಯ ಬರಲಿಲ್ಲ. ಕೊನೆಗೆ ರವೀಶನೇ ಅಂದ, “ಕೇಳಿದ್ದು ಅಜ್ಜಿ ಅಲ್ವಾ? ಉತ್ತರ ಅವರದ್ದು. ನಾವು ಇಟ್ಕೊಳ್ಳೋಕೆ ಆಗಲ್ಲ ಶಶಿ.”

ಹೇಳಿದೆ. ಒಂದೊಂದೇ ಮಾತಾಗಿ, ನಿಧಾನಕ್ಕೆ, ಕೊನೆಯ ಸಾಲಿನವರೆಗೂ ಹೇಳಿದೆ.

“ನನ್ನೆಸ್ರು ಯೋಳಿದ್ನಾ?” ಎಂದಳು ಅಜ್ಜಿ.

“ಹೂಂ ಅಜ್ಜಿ.”

“ಅಂಗಾದ್ರೆ ನಮ್ಮಪ್ಪ ನಮ್ಮನ್ನ ಬಿಟ್ಟು ಓಗಿರ್ಲಿಲ್ಲ.” ಅವಳ ದನಿ ಒಡೆದಿತ್ತು, ಆದರೆ ಅದರಲ್ಲಿ ದುಃಖಕ್ಕಿಂತ ಬೇರೇನೋ ಇತ್ತು. “ಊರೆಲ್ಲ ಏನೇನ್ ಅಂದ್ರು ಗೊತ್ತಾ ಮಗಾ? ನೀರಿಗೋದ್ರೆ ಅನ್ನೋರು, ಮದ್ವೆ ಮನೇಲಿ ಅನ್ನೋರು. ಓಡೋದೋನ ಮಗ್ಳು ಅಂತ. ನಮ್ಮವ್ವ ಒಬ್ಳೇ, ಬರಕ್ಕಾಗಿದ್ರೆ ಬರ್ತಿದ್ರು ಅಂತಿದ್ಲು. ಅವ್ಳು ಯೋಳಿದ್ದೇ ದಿಟ ಆಯ್ತು ನೋಡು.”

ಕುಂಕುಮದ ಮಾತನ್ನು ಅವಳು ಎತ್ತಲೇ ಇಲ್ಲ. ಅಮ್ಮ ಅದನ್ನು ಎತ್ತಿದಾಗ, ಮನುಷ್ಯ ಒಳ್ಳೆಯವನು ಅಂತ ಇಟ್ಟುಕೊಂಡಿದ್ದಳು, ಅದಕ್ಕೇನೀಗ ಎಂದುಬಿಟ್ಟಳಂತೆ.

ಆಗಸ್ಟಿನಲ್ಲಿ ಅಗ್ಗದ ಟಿಕೆಟ್ ಬುಕ್ ಮಾಡಿ ನಾವು ಸಿಡ್ನಿಗೆ ಹೋದೆವು. ನಾನು, ರವೀಶ, ಜೊತೆಗೆ ಡಾಟ್. ಹೊರಡುವ ಮುಂಚೆ ಅಜ್ಜಿ ಕಟ್ಟುನಿಟ್ಟಾಗಿ ಹೇಳಿದ್ದಳು, “ಅಲ್ಲಿ ನೀನೇನೂ ಇಕ್ಕಬ್ಯಾಡ. ಮೊದ್ಲನೇದು ನಾನೇ ಇಕ್ಕಬೇಕು. ನೀನು ಸುಮ್ನೆ ಅಬ್ಬಕ್ಕೆ ಊರಿಗೆ ಬಾ ಅಂತ ಕರ್ದು ಬಾ.”

ಪ್ಯಾಟ್ ನಮ್ಮನ್ನು ನಿಲ್ದಾಣದಿಂದಲೇ ಕಾರಿನಲ್ಲಿ ಕರೆದುಕೊಂಡು ಹೋದರು. ನಗರದ ಪಶ್ಚಿಮಕ್ಕೆ ಒಂದು ಊರಿನಷ್ಟು ದೊಡ್ಡ ಸ್ಮಶಾನ. ಸಿಡ್ನಿಯಲ್ಲಿ ಆಗಲೇ ಬಿಸಿಲಿಗೆ ಬಿಸಿ ಬಂದಿತ್ತು, ಹಳದಿ ಹೂವಿನ ವಾಟಲ್ ಮರಗಳು ಅರಳಿದ್ದವು. ನಕ್ಷೆ ಹಿಡಿದು ಸಾಲು ಎಣಿಸುತ್ತ ನಡೆದ ಪ್ಯಾಟ್ ಒಂದು ಕಡೆ ನಿಂತು, “ಇಲ್ಲಿ,” ಎಂದರು. ಕಲ್ಲಿಲ್ಲ, ಗುರುತಿಲ್ಲ, ಬರೀ ಹುಲ್ಲು.

ನಾನು ಚಪ್ಪಲಿ ಬಿಟ್ಟು ನಿಂತೆ. ಏನು ಹೇಳಬೇಕು, ಹೇಗೆ ಕರೆಯಬೇಕು ತಿಳಿಯಲಿಲ್ಲ. ಎಂದೂ ನೋಡದ ಮನುಷ್ಯ, ನನಗಿಂತ ಚಿಕ್ಕ ವಯಸ್ಸಿನಲ್ಲೇ ಸತ್ತವರು. ಇಂಗ್ಲಿಷಿನವರ ಮುಂದೆ ಹುಲ್ಲಿನ ಜೊತೆ ಕನ್ನಡ ಮಾತಾಡಲು ನಾಚಿಕೆಯಾಯಿತು. ಡಾಟ್ ಅದನ್ನು ಅರ್ಥ ಮಾಡಿಕೊಂಡವರಂತೆ ಪ್ಯಾಟ್‌ರ ತೋಳು ಹಿಡಿದು ಸ್ವಲ್ಪ ದೂರ ಹೋದರು. ನಾನು ಮೇಷ್ಟ್ರು ಕಲಿಸಿದ ಹಕಾರವನ್ನು ಬಿಟ್ಟು ಹೇಳಿದೆ, “ಅನ್ಮಂತಪ್ಪ ತಾತ, ನಾನು ಪುಟ್ಟಿ ಮೊಮ್ಮಗಳು. ಈ ಸಲ ಅಬ್ಬಕ್ಕೆ ಊರಿಗೆ ಬರ್ಬೇಕಂತೆ. ಪುಟ್ಟಿ ಕರ್ದವ್ಳೆ.” ರವೀಶ ಕೈ ಮುಗಿದು ನಿಂತಿದ್ದ. ವಾಪಸ್ ಬರುವಾಗ ಡಾಟ್, ನಾನು ಏನು ಹೇಳಿದೆ ಎಂದು ಕೇಳಿದರು. ಊಟಕ್ಕೆ ಕರೆದೆ ಎಂದೆ. “ಒಳ್ಳೆಯದು ಮಾಡಿದೆ,” ಎಂದು ನನ್ನ ಭುಜ ತಟ್ಟಿ, ಕಾರಿನವರೆಗೂ ನನ್ನ ಪಕ್ಕದಲ್ಲೇ ನಡೆದರು.

ಆ ಚಳಿಗಾಲದ ಕೊನೆಯಲ್ಲಿ ನನಗೆ ಕೆಲಸವೂ ಸಿಕ್ಕಿತು. ಹಾಲ್‌ನ ಹಳೆಯ ದಾಖಲೆಗಳನ್ನು ನಾನು ಕಂಪ್ಯೂಟರಿಗೆ ಹಾಕಿಕೊಟ್ಟಿದ್ದನ್ನು ಡಾಟ್ ಲೋಕಲ್ ಎಕ್ಸ್‌ಪೀರಿಯನ್ಸ್ ಎಂದು ಬರೆದು ಸಹಿ ಹಾಕಿಕೊಟ್ಟಿದ್ದರು. ಪಿತೃಪಕ್ಷ ಬರುವ ಹೊತ್ತಿಗೆ ನಾನೂ ಒಂದು ಆಫೀಸಿಗೆ ಹೋಗುತ್ತಿದ್ದೆ. ಅಂದು ಮಧ್ಯಾಹ್ನ ರಜೆ ಹಾಕಿ ಬಂದು, ಊರಿನಲ್ಲಿ ಊಟದ ಹೊತ್ತಾಗಿರಬಹುದು ಎಂದು ಲೆಕ್ಕ ಹಾಕಿ ಅಮ್ಮನ ಮೊಬೈಲಿಗೆ ಫೋನ್ ಮಾಡಿದೆ. ಎತ್ತಿದವಳು ಅಜ್ಜಿ.

“ಮೆಲ್ಲುಕ್ ಮಾತಾಡು,” ಎಂದಳು ಪಿಸುದನಿಯಲ್ಲಿ.

ಎಡೆ ಇಟ್ಟು, ಧೂಪ ಹಾಕಿ, ಬಾಗಿಲು ಮುಂದೆ ಮಾಡಿಕೊಂಡು ಎಲ್ಲರೂ ಹೊರಗೆ ಬಂದಿದ್ದರು. ಒಳಗೆ ಹಿರಿಯರು ಊಟ ಮಾಡುವಷ್ಟು ಹೊತ್ತು ಮನೆಯವರು ಹೊರಗೆ ಕಾಯಬೇಕು. ಅಜ್ಜಿ ಜಗಲಿಯ ಮೇಲೆ ಬಾಗಿಲಿಗೆ ಒರಗಿ ಕೂತಿದ್ದಳು.

“ಏನೇನು ಬಡಿಸಿದೆ ಅಜ್ಜಿ?” ನನಗೆ ಗೊತ್ತಿಲ್ಲದೆ ನಾನೂ ಪಿಸುಗುಟ್ಟಿದೆ.

“ಅವ್ನಿಗೇನಿಷ್ಟ ಅಂತ ಯಾರ್ನ ಕೇಳ್ಲಿ? ಎಲ್ಲಾನೂ ಇಕ್ಕಿವ್ನಿ. ಮುದ್ದೆ, ಕೋಳಿ ಸಾರು, ಪಾಯ್ಸ, ವಡೆ. ಅಪ್ಪಾ, ಬಾರಪ್ಪಾ ಉಣ್ಣು ಅಂತ ಕರ್ದೆ. ಬಾಯ್ತುಂಬ ಕರ್ದೆ ಮಗಾ. ಅಪ್ಪಾ ಅಂತ ನಾನು ಯಾರ್ನೂ ಕರ್ದೋಳೇ ಅಲ್ಲ.”

ಹಿಂದೆ ಅಮ್ಮನ ದನಿ ಕೇಳಿಸಿತು. ಮಕ್ಕಳಿಗೆ ಹಸಿವಾಗಿದೆ, ಹೊತ್ತಾಯಿತು, ಇನ್ನು ಬಾಗಿಲು ತೆಗೆಯೋಣವೇ ಎಂದು ಅವಳು ಕೇಳುತ್ತಿದ್ದಳು.

“ತಡಿಯೇ,” ಎಂದಳು ಅಜ್ಜಿ. “ಬಾಳಾ ದೂರದಿಂದ ಬಂದವ್ನೆ. ನಿಧಾನಕ್ಕೆ ಉಣ್ಲಿ.”